ಮೂರು ಸಾವಿರ ರೂಪಾಯಿಯೊಳಗಿನ ಆಟದ ವರ್ಷ

ವರ್ಷದ ಕೊನೆಯ ವಾರಗಳಲ್ಲಿ ಓದಿದ ಪುಸ್ತಕಗಳ ಪಟ್ಟಿಯೊಂದನ್ನು ಮಾಡಿ ನಾಲ್ಕು ಜನರ ಮುಂದಿಡುವುದು ನಮ್ಮ ಬಳಗದಲ್ಲಿ ಬೆಳೆದುಬಂದ ಒಳ್ಳೆಯ ರೂಢಿ. ಈ ಸಲ ನಾವು ಪುಸ್ತಕಗಳನ್ನು ಸ್ವಲ್ಪ ಬದಿಗಿರಿಸಿ, 2025ರಲ್ಲಿ ನಮ್ಮ ಮನೆಯವರು ಆಡಿದ ವಿಡಿಯೋ ಗೇಮುಗಳ ಪಟ್ಟಿಯನ್ನು ಇಡಬಯಸುತ್ತೇವೆ. ಸಾಹಿತ್ಯದ ಅಂಗಳದಲ್ಲಿ ಇದೇನು ಹುಡುಗಾಟವೆಂದು ಹಿರಿಯರು ಹುಬ್ಬೇರಿಸಬಹುದು. ಆದರೆ ಇಂದು ನಮ್ಮ ಮಕ್ಕಳು ಕಥೆ ಕೇಳುವುದು, ಸೋಲುವುದು, ಗೆಲ್ಲುವುದು, ಕೆಲವೊಮ್ಮೆ ಕಣ್ಣೀರು ಹಾಕುವುದು ಈ ಆಟಗಳ ಮುಂದೆಯೇ. ಅವರು ಎಲ್ಲಿ ಕೂತಿದ್ದಾರೆಯೋ ಅಲ್ಲಿಗೆ ನಾವೂ ಒಮ್ಮೆ ಹೋಗಿ ಕೂತು ನೋಡಬೇಕಲ್ಲವೆ? ಅಲ್ಲದೆ ಈ ವರ್ಷ ಆಟವೆಂದರೇನು, ಜೂಜೆಂದರೇನು ಎಂಬ ಪ್ರಶ್ನೆ ದೇಶದ ಸಂಸತ್ತಿನವರೆಗೆ ಹೋಯಿತು. ನಮ್ಮ ಮನೆಯ ಅಂಗಳಕ್ಕೂ ಅದು ಬಂದಿತ್ತು. ಆ ಮಾತನ್ನು ಮುಂದೆ ಹೇಳುತ್ತೇವೆ.

ಮೊದಲು ನಮ್ಮ ನೆಲೆಯ ಪರಿಚಯ. ನಾವಿರುವುದು ಹೈದರಾಬಾದಿನ ಈಶಾನ್ಯ ಅಂಚಿನ ಕುಷಾಯಿಗೂಡದಲ್ಲಿ. 1967ರಲ್ಲಿ ಪರಮಾಣು ಶಕ್ತಿ ಇಲಾಖೆಯ ಅಡಿಯಲ್ಲಿ ಇ.ಸಿ.ಐ.ಎಲ್. ಕಾರ್ಖಾನೆ ಹುಟ್ಟಿದ ಮೇಲೆ ಈ ಭಾಗದ ಚಹರೆಯೇ ಬದಲಾಯಿತು. ನಮ್ಮ ಮನೆಯ ಹಿರಿಯರು ಬೀದರ ಕಡೆಯಿಂದ ಇಲ್ಲಿಗೆ ಬಂದದ್ದು ಆ ಕಾರ್ಖಾನೆಯ ನೆರಳಿನಲ್ಲಿ ಸಿಕ್ಕ ಒಂದು ಸಣ್ಣ ಕೆಲಸಕ್ಕಾಗಿ. ಟ್ರಾಂಬೆಯಲ್ಲಿ ವಿನ್ಯಾಸಗೊಂಡ ಟಿಡಿಸಿ-12 ಎಂಬ ಗಣಕಯಂತ್ರವನ್ನು ತಯಾರಿಸಿದ್ದು ಈ ಇ.ಸಿ.ಐ.ಎಲ್. ಸಂಸ್ಥೆಯೇ. ದೇಶದ ಮೊದಮೊದಲ ಗಣಕಗಳು ಹುಟ್ಟಿದ ಬೀದಿಯ ಮಗ್ಗುಲಲ್ಲಿ ಕೂತು ನಮ್ಮ ಮಗಳು ಇಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಆಟವಾಡುತ್ತಾಳೆ. ಆ ಲ್ಯಾಪ್‌ಟಾಪ್ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಯಾವುದೋ ಕಚೇರಿ ಬಳಸಿ ಬಿಟ್ಟದ್ದನ್ನು ದುರಸ್ತಿ ಮಾಡಿ ಮಾರುತ್ತಿದ್ದಾಗ ಕೊಂಡದ್ದು. ಅದರಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲ. ಬೇಸಿಗೆಯಲ್ಲಿ ಅದರ ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ನಮ್ಮ ಮನೆಯ ಹಳೆಯ ಶಾಸನ. ಹೊಸ ದೊಡ್ಡ ಆಟವೊಂದಕ್ಕೆ ಈಗ ಸುಮಾರು 5,000 ರೂಪಾಯಿ ತೆರಬೇಕಾಗುತ್ತದೆ. ಅಮೆರಿಕದಲ್ಲಿ 70 ಡಾಲರಿನ ಬೆಲೆ ರೂಢಿಯಾಗಿ, ಈ ವರ್ಷ ನಿಂಟೆಂಡೊ ಕಂಪನಿಯ ಮಾರಿಯೋ ಕಾರ್ಟ್ ವರ್ಲ್ಡ್ 80 ಡಾಲರಿಗೆ ಏರಿತು. ಆದ್ದರಿಂದ ನಾವು ಜನವರಿಯಲ್ಲಿಯೇ ನಾಲ್ಕು ನಿಯಮಗಳನ್ನು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆವು. ಇಡೀ ವರ್ಷಕ್ಕೆ ಆಟದ ಖರ್ಚು ಮೂರು ಸಾವಿರ ರೂಪಾಯಿ ಮೀರಬಾರದು. ಆಟದ ಒಳಗೆ ಏನನ್ನೂ ಕೊಳ್ಳಬಾರದು. ಹೊಸ ಯಂತ್ರ ಬೇಡುವ ಆಟ ನಮಗೆ ಬೇಡ. ಕೊನೆಯದಾಗಿ, ವರ್ಷಕ್ಕೆ ಒಂದಾದರೂ ಆಟವನ್ನು ಬಿಡುಗಡೆಯಾದಾಗಲೇ, ಪೂರ್ಣ ಬೆಲೆ ಕೊಟ್ಟು ಕೊಳ್ಳಬೇಕು.

ಈ ನಾಲ್ಕನೆಯ ನಿಯಮ ಜಿಪುಣರ ಮನೆಯಲ್ಲಿ ಹೇಗೆ ಬಂತೆಂದು ಕೇಳಬಹುದು. ಅಬಿಡ್ಸ್‌ನ ರಸ್ತೆಬದಿಯಲ್ಲಿ ಭಾನುವಾರಗಳಂದು ಹರಡಿಕೊಳ್ಳುವ ಹಳೆಯ ಪುಸ್ತಕಗಳ ಸಂತೆ ನಮಗೆ ಬಹಳ ಪ್ರಿಯವಾದದ್ದು. ಆದರೆ ಅಲ್ಲಿ ಕೊಂಡ ಪುಸ್ತಕದಿಂದ ಬರೆದವನಿಗೆ ಒಂದು ಪೈಸೆಯೂ ಸಲ್ಲದು. ಎಲ್ಲರೂ ಅಲ್ಲಿಯೇ ಕೊಂಡರೆ ಮುಂದಿನ ಪುಸ್ತಕ ಅಚ್ಚಾಗುವುದು ಹೇಗೆ? ಆಟಗಳ ಲೋಕದಲ್ಲಿಯೂ ಇದೇ ನ್ಯಾಯ. ಸ್ಟೀಮ್ ಎಂಬ ಮಾರಾಟ ತಾಣ 2015ರಿಂದ ರೂಪಾಯಿಯಲ್ಲಿ ಬೆಲೆ ತೋರಿಸುತ್ತಿದೆ. ಬೇಸಿಗೆಯಲ್ಲಿ, ಡಿಸೆಂಬರಿನಲ್ಲಿ ಅಲ್ಲಿ ದೊಡ್ಡ ರಿಯಾಯಿತಿ ಮಾರಾಟ ನಡೆಯುತ್ತದೆ. ಕೊಂಡು ಹದಿನಾಲ್ಕು ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣವನ್ನು ಮರಳಿ ಕೇಳಲೂಬಹುದು. ಎಪಿಕ್ ಎಂಬ ಇನ್ನೊಂದು ತಾಣ 2018ರ ಡಿಸೆಂಬರಿನಲ್ಲಿ ತೆರೆದಾಗಿನಿಂದ ಆಟಗಳನ್ನು ಪುಕ್ಕಟೆ ಹಂಚುತ್ತಾ ಬಂದಿದ್ದು, ಈಗ ಅದು ವಾರವಾರದ ಪದ್ಧತಿಯಾಗಿದೆ. ಬಿಟ್ಟಿ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎಂಬ ಗಾದೆಯಂತೆ ನಾವೂ ಮೊದಲ ವರ್ಷ ಗುರುವಾರಕ್ಕೊಮ್ಮೆ ಬಾಚಿಕೊಂಡೆವು. ಬಾಚಿದ್ದರಲ್ಲಿ ಮುಕ್ಕಾಲು ಪಾಲನ್ನು ತೆರೆದೇ ನೋಡಲಿಲ್ಲ. ಆಡದ ಆಟದ ರಾಶಿ, ಓದದ ಪುಸ್ತಕದ ರಾಶಿಯಂತೆಯೇ ಮನಸ್ಸಿಗೆ ಭಾರ. ಮಿತವ್ಯಯವೆಂದರೆ ಕಡಿಮೆ ಕೊಡುವುದಷ್ಟೇ ಅಲ್ಲ, ಕಡಿಮೆ ಕೂಡಿಡುವುದೂ ಹೌದೆಂದು ನಮಗೆ ತಿಳಿದದ್ದು ಆಗ. ಅಂದಿನಿಂದ ಮುಗಿಸಿದ ಮೇಲೆಯೇ ಮುಂದಿನದು.

ಇನ್ನು ಪಟ್ಟಿಗೆ ಬರೋಣ. ಇವೆಲ್ಲ ಈ ವರ್ಷವೇ ಹೊರಬಂದ ಆಟಗಳಲ್ಲ, ಈ ವರ್ಷ ನಾವು ಆಡಿ ಮೆಚ್ಚಿದವು. ಜಿಪುಣನ ಪಂಚಾಂಗ ಯಾವಾಗಲೂ ಒಂದೆರಡು ವರ್ಷ ಹಿಂದೆಯೇ ನಡೆಯುತ್ತದೆ.

ಮೊದಲನೆಯದು ಚದುರಂಗ, ಅದನ್ನು ಆಡಿಸುವ ಲೀಚೆಸ್ ಎಂಬ ತಾಣ. ಇದನ್ನು ವಿಡಿಯೋ ಗೇಮೆಂದು ಕರೆಯಬಹುದೆ ಎಂಬ ಜಗಳ ನಮ್ಮ ಮನೆಯಲ್ಲಿಯೂ ನಡೆಯಿತು. ಪರದೆಯ ಮೇಲೆ ಆಡುತ್ತೇವೆ, ಸೋತರೆ ನಿದ್ದೆ ಬರುವುದಿಲ್ಲ. ನಮಗೆ ಇಷ್ಟು ಲಕ್ಷಣ ಸಾಕು. ತಿಬೋ ಡುಪ್ಲೆಸಿ ಎಂಬ ಫ್ರೆಂಚ್ ತಂತ್ರಜ್ಞ 2010ರಲ್ಲಿ ಆರಂಭಿಸಿದ ಈ ತಾಣದಲ್ಲಿ ಜಾಹೀರಾತಿಲ್ಲ, ಶುಲ್ಕವಿಲ್ಲ, ಹಣ ಕೊಟ್ಟವರಿಗೆ ಮಾತ್ರ ತೆರೆಯುವ ಕೋಣೆಗಳಿಲ್ಲ. ದೇಣಿಗೆಯಿಂದಲೇ ನಡೆಯುತ್ತದೆ. ದೇಣಿಗೆ ಕೊಟ್ಟವರಿಗೆ ಹೆಸರಿನ ಮುಂದೊಂದು ರೆಕ್ಕೆಯ ಗುರುತು ಸಿಗುತ್ತದೆ, ಅಷ್ಟೇ. ಇಡೀ ತಂತ್ರಾಂಶದ ಮೂಲವೂ ಯಾರು ಬೇಕಾದರೂ ನೋಡುವಂತೆ ತೆರೆದಿದೆ.

ಜುಲೈ ತಿಂಗಳ ಕೊನೆಯಲ್ಲಿ ಜಾರ್ಜಿಯಾದ ಬಟೂಮಿಯಲ್ಲಿ ಮಹಿಳೆಯರ ವಿಶ್ವಕಪ್ ಅಂತಿಮ ಪಂದ್ಯ ನಡೆದಾಗ ಎರಡೂ ಬದಿಯಲ್ಲಿ ಭಾರತೀಯರೇ ಇದ್ದರು. ಒಂದು ಕಡೆ ಆಂಧ್ರದ ಕೊನೇರು ಹಂಪಿ, ಇನ್ನೊಂದು ಕಡೆ ಹತ್ತೊಂಬತ್ತರ ಹರೆಯದ ನಾಗಪುರದ ದಿವ್ಯಾ ದೇಶಮುಖ್. ನಮ್ಮ ಕಾಲೋನಿಯವರೆಲ್ಲ ಹಂಪಿಯ ಪಕ್ಷ, ನಮ್ಮ ಮಗಳೊಬ್ಬಳು ದಿವ್ಯಾಳ ಪಕ್ಷ. ದಿವ್ಯಾ ಗೆದ್ದಳು. ಆ ವಾರದಿಂದ ಮಗಳು ಎಪ್ಪತ್ತೇಳರ ತನ್ನ ಮುತ್ಯಾನನ್ನು ಕೂರಿಸಿಕೊಂಡು ದಿನಕ್ಕೊಂದು ಪಂದ್ಯ ಆಡತೊಡಗಿದಳು. ಆನೆ, ಕುದುರೆ, ಒಂಟೆ, ಮಂತ್ರಿ, ಪದಾತಿ ಎಂಬ ಕನ್ನಡದ ಹೆಸರುಗಳು ಅವಳಿಗೆ ಬಂದದ್ದು ಶಾಲೆಯಿಂದಲ್ಲ, ಮುತ್ಯಾನಿಂದ. “ಮುತ್ಯಾ, ನಿನ್ನ ಕುದುರಿ ಹೋತು ನೋಡು” ಎಂದು ಅವಳು ಬೀದರದ ಮಾತಿನಲ್ಲಿ ಕೂಗಿದ ದಿನ ನಮಗೆ ಚದುರಂಗಕ್ಕಿಂತ ದೊಡ್ಡದೇನನ್ನೋ ಗೆದ್ದಂತಾಯಿತು. ಲೀಚೆಸ್ಸಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಯಾವ ಕಂಪನಿಯೂ ಕೂಲಿ ಕೊಟ್ಟು ಮಾಡಿಸಿದ್ದಲ್ಲ ಅದು, ಸ್ವಯಂಸೇವಕರು ಕೂತು ಮಾಡಿದ ಅನುವಾದ. ವರ್ಷದ ಕೊನೆಗೆ ನಾವೂ ಇನ್ನೂರು ರೂಪಾಯಿ ದೇಣಿಗೆ ಕೊಟ್ಟೆವು.

ಎರಡನೆಯದು ಬಲಾತ್ರೋ. ಇದು ಇಸ್ಪೀಟಿನ ಆಟ. ಕೆನಡಾದ ಒಬ್ಬನೇ ವ್ಯಕ್ತಿ, ಲೋಕಲ್‌ಥಂಕ್ ಎಂಬ ಗುಪ್ತನಾಮದಲ್ಲಿ ರಚಿಸಿ 2024ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದ್ದು. ಕೈಯಲ್ಲಿ ಎಂಟು ಎಲೆ, ಐದರವರೆಗೆ ಇಳಿಸಬಹುದು. ಜೋಡಿ, ತ್ರಿವಳಿ, ಅನುಕ್ರಮ ಎಂಬ ಪೋಕರಿನ ಕಟ್ಟುಗಳಿಗೆ ಅಂಕ. ಇದಿಷ್ಟೇ ಆಗಿದ್ದರೆ ವಿಶೇಷವಿರಲಿಲ್ಲ. ನೂರೈವತ್ತು ಬಗೆಯ ಜೋಕರುಗಳಿವೆ, ಒಂದೊಂದೂ ಅಂಕಗಣಿತದ ನಿಯಮವನ್ನು ಒಂದೊಂದು ರೀತಿಯಲ್ಲಿ ತಿರುಚುತ್ತದೆ. ಯಾವ ಐದು ಜೋಕರುಗಳನ್ನು ಒಟ್ಟಿಗೆ ಇಟ್ಟುಕೊಂಡರೆ ಹತ್ತರ ಅಂಕ ಹತ್ತು ಸಾವಿರವಾದೀತೆಂಬ ಲೆಕ್ಕವೇ ಆಟದ ಜೀವ. ಜೋಕರುಗಳ ಕ್ರಮ ಹಿಂದುಮುಂದಾದರೂ ಉತ್ತರ ಬದಲಾಗುತ್ತದೆ, ಏಕೆಂದರೆ ಮೊದಲು ಕೂಡಿ ಆಮೇಲೆ ಗುಣಿಸುವುದಕ್ಕೂ ಮೊದಲು ಗುಣಿಸಿ ಆಮೇಲೆ ಕೂಡುವುದಕ್ಕೂ ವ್ಯತ್ಯಾಸವಿದೆ. ಗಣಿತದ ಮೇಷ್ಟರು ಒಂದು ವರ್ಷ ಹೇಳಿದ್ದು ಮಗಳಿಗೆ ಒಂದು ಸಂಜೆಯಲ್ಲಿ ಹತ್ತಿತು.

ಇಸ್ಪೀಟೆಂದ ಕೂಡಲೇ ಮನೆಯಲ್ಲಿ ಮೌನ ಕವಿದದ್ದೂ ನಿಜ. ಅದಕ್ಕೆ ಕಾರಣವಿತ್ತು.

ತೆಲಂಗಾಣ ಸರ್ಕಾರ 2017ರಲ್ಲಿಯೇ ಕಾಯಿದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ರಮ್ಮಿಯನ್ನು ನಿಷೇಧಿಸಿತ್ತು. ಕರ್ನಾಟಕವೂ 2021ರಲ್ಲಿ ಅಂಥದೇ ತಿದ್ದುಪಡಿ ಮಾಡಿತು. ಆದರೆ 2022ರ ಫೆಬ್ರವರಿ 14ರಂದು ಅಲ್ಲಿನ ಉಚ್ಚ ನ್ಯಾಯಾಲಯ ಅದರ ಮುಖ್ಯ ಕಲಮುಗಳನ್ನು ರದ್ದುಗೊಳಿಸಿತು. ಹೀಗಾಗಿ ಜಹೀರಾಬಾದಿನಿಂದ ಬೀದರಕ್ಕೆ ಹೋಗುವ ದಾರಿಯಲ್ಲಿ ರಾಜ್ಯದ ಗಡಿ ಮೊಬೈಲಿನೊಳಗೂ ಒಂದು ಗೆರೆ ಎಳೆದಿತ್ತು. ಈಚೆ ಬಂದರೆ ಆಟ ಮುಚ್ಚುತ್ತಿತ್ತು, ಆಚೆ ಹೋದರೆ ತೆರೆಯುತ್ತಿತ್ತು. ನಮಗೆ ಇದು ತಿಳಿದದ್ದು ಎರಡು ವರ್ಷಗಳ ಹಿಂದೆ. ಬೀದರದಿಂದ ದಸರೆಯ ರಜೆಗೆಂದು ಬಂದಿದ್ದ ನಮ್ಮ ಸೋದರಳಿಯ ಬಸ್ಸಿಳಿದಾಗಿನಿಂದ ಚಡಪಡಿಸುತ್ತಿದ್ದ. ಎರಡು ದಿನವಿದ್ದು ಹೋಗುವವನು ಮರುದಿನ ಬೆಳಗಿನ ಮೊದಲ ಬಸ್ಸಿಗೇ ಹೊರಟು ನಿಂತ. ಹಬ್ಬದೂಟಕ್ಕೂ ನಿಲ್ಲಲಿಲ್ಲ. ಊರು ಬೇಸರವಾಯಿತೇನೋ ಎಂದುಕೊಂಡೆವು. ಆರು ತಿಂಗಳ ಮೇಲೆ ಅವನ ತಾಯಿ ಫೋನು ಮಾಡಿ ಅತ್ತಾಗ ಲೆಕ್ಕ ಹೊರಬಿತ್ತು. ಒಂದು ಲಕ್ಷ ಎಂಬತ್ತು ಸಾವಿರ ರೂಪಾಯಿ. ಎರಡು ಬಳೆ ಅಡವಿಗೆ ಹೋಗಿದ್ದವು. ಆ ಆಪು ಅವನಿಗೆ ಮೊದಲು ಕೊಟ್ಟದ್ದು ಐವತ್ತು ರೂಪಾಯಿ, ಸೇರಿದ್ದಕ್ಕೆ ಬಹುಮಾನವಾಗಿ. ಉಚಿತವಾಗಿ.

ನಮ್ಮ ಮಿತವ್ಯಯದ ಪಾಠ ಅಲ್ಲಿಂದ ಆರಂಭವಾಯಿತೆಂದರೆ ತಪ್ಪಲ್ಲ. ಬೆಲೆ ಬರೆದಿಟ್ಟ ಆಟ ಎಷ್ಟು ದುಬಾರಿಯಾದರೂ ಅದರ ಬೆಲೆ ಒಮ್ಮೆ ಮುಗಿಯುತ್ತದೆ. ಬೆಲೆಯೇ ಇಲ್ಲವೆನ್ನುವ ಆಟದ ಬೆಲೆ ಎಲ್ಲಿ ಮುಗಿಯುತ್ತದೆಂದು ಯಾರಿಗೂ ತಿಳಿಯದು. ಹಣ ಕಟ್ಟಿಸದ, ಆದರೆ ಬಣ್ಣದ ಅಂಗಿಗೆ, ಹೊಳೆಯುವ ಬಂದೂಕಿಗೆ, ಈ ತಿಂಗಳ ಪಾಸಿಗೆ ಚಿಲ್ಲರೆ ಚಿಲ್ಲರೆಯಾಗಿ ಕೀಳುವ ಉಚಿತ ಆಟಗಳನ್ನು ಜೂಜಿನ ಸಾಲಿಗೆ ಸೇರಿಸುವುದು ಅನ್ಯಾಯವಾದೀತು. ಆದರೂ ಜೇಬಿಗೆ ಕೈ ಹಾಕುವ ದಾರಿ ಎರಡಕ್ಕೂ ಹತ್ತಿರದ್ದೇ. ನಾಳೆಯೂ ಬಾ, ಬಾರದಿದ್ದರೆ ಕಳೆದುಕೊಳ್ಳುವೆ ಎಂದು ಹೆದರಿಸುವ ಆಟ ಮಕ್ಕಳಿಗೆ ಆಟವನ್ನಲ್ಲ, ಅಂಜಿಕೆಯನ್ನು ಕಲಿಸುತ್ತದೆ.

ಈ ವರ್ಷದ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆಯನ್ನು ಎರಡೇ ದಿನಗಳಲ್ಲಿ ಅಂಗೀಕರಿಸಿತು. 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಹಣ ಕಟ್ಟಿ ಆಡಿಸುವ ಆಟಗಳಿಗೆ, ಅವುಗಳ ಜಾಹೀರಾತಿಗೆ ದೇಶದಾದ್ಯಂತ ನಿಷೇಧ. ದೊಡ್ಡ ಕಂಪನಿಗಳು ಆ ಆಟಗಳನ್ನು ನಿಲ್ಲಿಸಿದವು. ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲಿನ ಪ್ರಾಯೋಜಕರ ಹೆಸರೂ ಮಾಯವಾಯಿತು. ಇದರಿಂದ ಕೆಲಸ ಕಳೆದುಕೊಂಡವರಿದ್ದಾರೆ. ಕೌಶಲದ ಆಟಕ್ಕೂ ಅದೃಷ್ಟದ ಆಟಕ್ಕೂ ಭೇದವೆಣಿಸಬೇಕೆಂಬ ವಾದವನ್ನೂ ತಳ್ಳಿಹಾಕುವಂತಿಲ್ಲ. ಹಾಗಿದ್ದರೂ ನಾವು ಈ ಕಾಯಿದೆಯ ಪಕ್ಷದವರು. ಕೌಶಲ ಆಡುವವನಲ್ಲಿತ್ತೋ ಆಡಿಸುವವನಲ್ಲಿತ್ತೋ ಎಂಬುದನ್ನು ನಾವು ಅಡವಿಟ್ಟ ಬಳೆಗಳಲ್ಲಿ ಕಂಡಿದ್ದೇವೆ. ಗಡಿಯಲ್ಲಿ ಮುಚ್ಚಿ ತೆರೆಯುತ್ತಿದ್ದ ಬಾಗಿಲು ಈಗ ಎರಡೂ ಕಡೆ ಮುಚ್ಚಿದೆ. ಅಷ್ಟು ನೆಮ್ಮದಿ.

ಅಂಥ ಮನೆಯಲ್ಲಿ ಬಲಾತ್ರೋಗೆ ಜಾಗ ಸಿಕ್ಕಿದ್ದು ಹೇಗೆ? ಅದರಲ್ಲಿ ಪಣವಿಲ್ಲ. ಒಮ್ಮೆ ಕೊಂಡರೆ ಮತ್ತೆ ಒಂದು ರೂಪಾಯಿಯನ್ನೂ ಅದು ಕೇಳುವುದಿಲ್ಲ. ಯುರೋಪಿನ ವಯೋಮಿತಿ ನಿರ್ಧರಿಸುವ ಸಂಸ್ಥೆ ಪೋಕರಿನ ಚಿತ್ರ ಕಂಡು ಇದಕ್ಕೆ ಹದಿನೆಂಟರ ಮುದ್ರೆ ಒತ್ತಿತ್ತು. ಮೇಲ್ಮನವಿಯ ನಂತರ ಈ ವರ್ಷದ ಫೆಬ್ರವರಿಯಲ್ಲಿ ಅದನ್ನು ಹನ್ನೆರಡಕ್ಕೆ ಇಳಿಸಿತು. ಇದರ ಕರ್ತೃ ತನ್ನ ಆಟದ ಹಕ್ಕುಗಳು ಎಂದಿಗೂ ಯಾವ ಜೂಜಿನ ಕಂಪನಿಯ ಪಾಲಾಗಕೂಡದೆಂದು ಉಯಿಲಿನಲ್ಲಿಯೇ ಬರೆದಿಟ್ಟಿರುವುದಾಗಿ ಹೇಳಿಕೊಂಡಿದ್ದಾನೆ. ಇಸ್ಪೀಟಿನ ಎಲೆಯೇ ದೋಷವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಮಗೆ ಸಿಗಲಿಲ್ಲ. ಕನ್ನಡವು ಆಟ, ಜೂಜು ಎಂದು ಎರಡು ಬೇರೆ ಮಾತುಗಳನ್ನು ಇಟ್ಟುಕೊಂಡಿದೆ. ಮಹಾಭಾರತದ ಧರ್ಮರಾಯ ಕೂತದ್ದು ಆಟಕ್ಕೆಂದು, ಏಳುವಷ್ಟರಲ್ಲಿ ಅದು ಜೂಜಾಗಿತ್ತು. ಆ ನಡುವಿನ ಗೆರೆಯನ್ನು ಮಕ್ಕಳಿಗೆ ತೋರಿಸಿಕೊಡುವುದು ನಿಷೇಧದಿಂದ ಮಾತ್ರ ಆಗುವ ಕೆಲಸವಲ್ಲ. ಸೋದರಳಿಯ ಈ ದೀಪಾವಳಿಗೆ ಬಂದಾಗ ಬಲಾತ್ರೋ ಆಡುವೆಯಾ ಎಂದು ಮಗಳು ಕೇಳಿದಳು. ಅವನು ಬಹಳ ಹೊತ್ತು ನೋಡಿ, “ಬ್ಯಾಡವ್ವ, ನಾ ನೋಡ್ತಾ ಕುಂದರ್ತೀನಿ, ನೀ ಆಡು” ಎಂದ. ನಾವು ಒತ್ತಾಯಿಸಲಿಲ್ಲ.

ಮೂರನೆಯದು ಸ್ಟಾರ್‌ಡ್ಯೂ ವ್ಯಾಲಿ. ಎರಿಕ್ ಬರೋನ್ ಎಂಬ ಅಮೆರಿಕದ ತರುಣ ನಾಲ್ಕೂವರೆ ವರ್ಷ ಒಬ್ಬನೇ ಕೂತು ಚಿತ್ರ, ಸಂಗೀತ, ಕಥೆ, ಸಂಕೇತ ಎಲ್ಲವನ್ನೂ ಮಾಡಿ 2016ರಲ್ಲಿ ಹೊರತಂದದ್ದು. ನಾಲ್ಕು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. ಹಾಗಿದ್ದೂ ಆತ ಹೊಸ ಹೊಸ ಭಾಗಗಳನ್ನು ಸೇರಿಸುತ್ತಲೇ ಇದ್ದಾನೆ, 2024ರ ಮಾರ್ಚಿನ ದೊಡ್ಡ ಪರಿಷ್ಕರಣೆಯೂ ಸೇರಿದಂತೆ ಎಲ್ಲವೂ ಉಚಿತ. ಅಜ್ಜನಿಂದ ಬಂದ ಪಾಳು ಹೊಲವನ್ನು ಹಸನು ಮಾಡಿ, ಬಿತ್ತಿ, ನೀರುಣಿಸಿ, ಊರಿನವರೊಂದಿಗೆ ಸ್ನೇಹ ಬೆಳೆಸುವುದೇ ಆಟ. ಒಂದು ಋತುವಿಗೆ 28 ದಿನ. ಋತು ಕಳೆದರೆ ಹೊಲದಲ್ಲಿ ಉಳಿದ ಆ ಕಾಲದ ಬೆಳೆ ಒಣಗುತ್ತದೆ. ಮಳೆ ಬಂದ ದಿನ ನೀರುಣಿಸುವ ಕೆಲಸವಿಲ್ಲ. ಬೆದರುಬೊಂಬೆ ನಿಲ್ಲಿಸದಿದ್ದರೆ ಕಾಗೆಗಳು ತಿಂದುಹೋಗುತ್ತವೆ.

ಮಗಳ ಹಿಂದೆ ಕೂತು ನೋಡುತ್ತಿದ್ದ ಮುತ್ಯಾ ಮೊದಲ ದಿನ ಕೇಳಿದ್ದು ಒಂದೇ ಪ್ರಶ್ನೆ: “ಇದರಾಗ ತೊಗರಿ ಇಲ್ಲೇನು?” ಇಲ್ಲ. ಜೋಳವೂ ನಮ್ಮ ಬಿಳಿಜೋಳವಲ್ಲ. ಬರಗಾಲವೂ ಇಲ್ಲ, ಸಾಲಗಾರನೂ ಇಲ್ಲ, ಮಾರುಕಟ್ಟೆಯಲ್ಲಿ ಬೆಲೆ ಕುಸಿಯುವುದಿಲ್ಲ. “ಹಿಂಗಿದ್ದರ ನಾವ್ಯಾಕ ಊರು ಬಿಡ್ತಿದ್ದೆವು” ಎಂದು ಅವರು ನಕ್ಕರು. ಆ ನಗುವಿನ ಹಿಂದೆ ಬಹಳ ವರ್ಷಗಳಿದ್ದವು. ಆ ರಾತ್ರಿ ಅವರು ತಮ್ಮ ಊರಿನ ಹೊಲದ ಕಥೆಯನ್ನು ಮೊಮ್ಮಗಳಿಗೆ ಹೇಳಿದರು. ಯಾವ ಮಗ್ಗುಲಲ್ಲಿ ಬಾವಿ, ಯಾವ ಬದುವಿನಲ್ಲಿ ಬೇವು, ಯಾವ ವರ್ಷ ಎತ್ತು ಮಾರಿದ್ದು. ಈ ಕಥೆಯನ್ನು ನಮಗೇ ಅವರು ಇಷ್ಟು ವಿವರವಾಗಿ ಹೇಳಿರಲಿಲ್ಲ. ಒಂದು ಆಟ ತನ್ನಲ್ಲಿ ಇಲ್ಲದ್ದರಿಂದಲೂ ಉಪಕಾರ ಮಾಡಬಲ್ಲದು.

ನಾಲ್ಕನೆಯದು ವೆಣ್ಬಾ. ಹೊರನಾಡಿನ ಕನ್ನಡಿಗರೆಲ್ಲ ಇದನ್ನು ಒಮ್ಮೆಯಾದರೂ ಆಡಬೇಕೆಂಬುದು ನಮ್ಮ ಕಳಕಳಿಯ ಮಾತು. ಟೊರಾಂಟೊದ ವಿಸೈ ಗೇಮ್ಸ್ ಎಂಬ ಪುಟ್ಟ ತಂಡ 2023ರಲ್ಲಿ ಹೊರತಂದ ಈ ಆಟ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಮರುವರ್ಷ ಬ್ರಿಟನ್ನಿನ ಬಾಫ್ಟಾ ಸಂಸ್ಥೆ ಇದಕ್ಕೆ ಚೊಚ್ಚಲ ಆಟದ ಪ್ರಶಸ್ತಿ ನೀಡಿತು. 1980ರ ದಶಕದಲ್ಲಿ ತಮಿಳುನಾಡಿನಿಂದ ಕೆನಡಾಕ್ಕೆ ಹೋಗಿ ನೆಲೆಸಿದ ವೆಣ್ಬಾ, ಅವಳ ಗಂಡ ಪಾವಲನ್, ಮಗ ಕವಿನ್ ಇವರ ಕಥೆಯಿದು. ವೆಣ್ಬಾ ತನ್ನ ತಾಯಿಯಿಂದ ತಂದ ಅಡುಗೆಯ ಪುಸ್ತಕ ಹಳತಾಗಿ ಅಕ್ಷರಗಳು ಅಳಿಸಿಹೋಗಿವೆ. ಉಳಿದ ಸಾಲುಗಳಿಂದ ಅಡುಗೆಯ ಕ್ರಮವನ್ನು ಊಹಿಸಿ ಮಾಡುವುದೇ ನಮ್ಮ ಕೆಲಸ. ಮೊದಲ ಅಡುಗೆಯೇ ಇಡ್ಲಿ. ತಟ್ಟೆಗಳನ್ನು ಹೇಗೆ ಜೋಡಿಸಿದರೆ ಹಬೆ ಸರಿಯಾಗಿ ಮೇಲೇರೀತೆಂಬ ಒಗಟು. ನಮ್ಮ ಮನೆಯವಳು ನೋಡುತ್ತಲೇ ಬಿಡಿಸಿದಳು. ಆಟಗಳಲ್ಲಿ ನುರಿತ ಮಗಳು ಎರಡು ಸಲ ಸೋತಳು.

ಮಗ ಬೆಳೆದಂತೆ ತಮಿಳು ಅವನ ನಾಲಗೆಯಿಂದ ಸರಿಯುತ್ತದೆ. ಡಬ್ಬಿಯ ಊಟಕ್ಕೆ ನಾಚುತ್ತಾನೆ. ಕೊನೆಯ ಭಾಗದಲ್ಲಿ ಬೆಳೆದ ಮಗನೇ ಅಮ್ಮನ ಪುಸ್ತಕವನ್ನು ಕೈಗೆತ್ತಿಕೊಂಡಾಗ ಅದರ ಲಿಪಿಯನ್ನು ಓದುವುದೇ ಅವನಿಗೆ ತೊಡಕು. ಇಲ್ಲಿಯವರೆಗೆ ಹಾಳೆ ಹರಿದು ಅಳಿಸಿದ್ದ ಅಕ್ಷರ, ಈಗ ಓದುವವನಲ್ಲಿಯೇ ಅಳಿಸಿದೆ. ಈ ಒಂದು ತಿರುವಿನಲ್ಲಿ ಆಟ ಹೇಳುವುದನ್ನು ನಾವು ಸಭೆಗಳಲ್ಲಿ ಎಷ್ಟು ಭಾಷಣ ಮಾಡಿದರೂ ಹೇಳಲಾಗಿಲ್ಲ. ನಮ್ಮ ಮಗಳು ಶಾಲೆಯಲ್ಲಿ ತೆಲುಗು, ಹಿಂದಿ, ಇಂಗ್ಲಿಷ್ ಓದುತ್ತಾಳೆ. ಕಾಚಿಗೂಡದ ಕಡೆ ಕನ್ನಡದ ಶಾಲೆಯಿದೆ, ಕರ್ನಾಟಕ ಸಾಹಿತ್ಯ ಮಂದಿರವಿದೆ. ಕುಷಾಯಿಗೂಡದಿಂದ ದಿನಾ ಅಷ್ಟು ದೂರ ಹೋಗಿಬರುವುದು ನಮ್ಮಿಂದಾಗಲಿಲ್ಲ. ಹಾಗಾಗಿ ಅವಳ ಕನ್ನಡ ಮಾತಿನ ಕನ್ನಡ, ಅಕ್ಷರದ ಕನ್ನಡವಲ್ಲ. ಆಟ ಮುಗಿದ ಮೇಲೆ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಡುಗೆಮನೆಯ ಮಾಡಿನಲ್ಲಿದ್ದ ಅಜ್ಜಿಯ ಹಳೆಯ ನೋಟ್‌ಬುಕ್ಕನ್ನು ಇಳಿಸಿಕೊಂಡು ಬಂದಳು. ಅದರಲ್ಲಿ ಹುಗ್ಗಿ, ಭಜ್ಜಿ, ಪುಂಡಿಪಲ್ಯ, ಶೇಂಗಾ ಹೋಳಿಗೆಯ ಅಳತೆಗಳಿವೆ. ಅವಳಿಗೆ ಓದಲಾಗಲಿಲ್ಲ. “ಇದು ‘ಶೇಂ’ ಏನು?” ಎಂದು ಕೇಳಿದಳು. ಅಂದಿನಿಂದ ವಾರಕ್ಕೆ ಎರಡು ಸಂಜೆ ಕನ್ನಡದ ಅಕ್ಷರಾಭ್ಯಾಸ ನಡೆದಿದೆ. ರಿಯಾಯಿತಿಯಲ್ಲಿ ಕೊಂಡ ಆಟ. ಅದರ ಬೆಲೆಯನ್ನು ಯಾವ ಲೆಕ್ಕದಲ್ಲಿ ಬರೆಯಬೇಕೆಂದು ನಮಗೆ ತೋಚುತ್ತಿಲ್ಲ.

ಐದನೆಯದು ನಮ್ಮ ನಾಲ್ಕನೆಯ ನಿಯಮದಂತೆ ಬಿಡುಗಡೆಯ ವಾರದಲ್ಲಿಯೇ ಪೂರ್ಣ ಬೆಲೆ ಕೊಟ್ಟು ಕೊಂಡದ್ದು. ಹಾಲೋ ನೈಟ್: ಸಿಲ್ಕ್‌ಸಾಂಗ್. ಆಸ್ಟ್ರೇಲಿಯದ ಅಡಿಲೇಡಿನ ಟೀಮ್ ಚೆರ್ರಿ ಎಂಬ ಬೆರಳೆಣಿಕೆಯ ಜನರ ತಂಡ 2019ರಲ್ಲಿ ಇದನ್ನು ಘೋಷಿಸಿ, ಆರು ವರ್ಷ ಕಾಯಿಸಿ, ಈ ಸೆಪ್ಟೆಂಬರ್ 4ರಂದು ಬಿಡುಗಡೆ ಮಾಡಿತು. ಅಂದು ಮುಗಿಬಿದ್ದ ಜನರ ನೂಕಿಗೆ ಮಾರಾಟದ ತಾಣಗಳೇ ಕೆಲಕಾಲ ಕುಸಿದವು. ಇಷ್ಟು ನಿರೀಕ್ಷೆ ಹುಟ್ಟಿಸಿದವರು 70 ಡಾಲರ್ ಕೇಳಿದ್ದರೂ ಜನ ಕೊಡುತ್ತಿದ್ದರು. ಅವರು ಕೇಳಿದ್ದು 20. ಸೂಜಿಯನ್ನೇ ಆಯುಧವಾಗಿ ಹಿಡಿದ ಹಾರ್ನೆಟ್ ಎಂಬ ನಾಯಕಿ ರೇಷ್ಮೆಯ ಮಾಯೆಗೆ ಸಿಕ್ಕ ಕೀಟಗಳ ರಾಜ್ಯವೊಂದರಲ್ಲಿ ಕೆಳಗಿನಿಂದ ಮೇಲಕ್ಕೆ ಏರಿಹೋಗುವ ಕಥೆ. ಕೈಯಿಂದ ಬರೆದ ಚಿತ್ರಗಳು. ಸೊಗಸಾದ ಸಂಗೀತ. ಆದರೆ ಆಟ ಮಹಾ ಕಠಿಣ. ಬೆಂಚೊಂದು ಸಿಕ್ಕರೆ ಕಾಶಿ ಕಂಡಷ್ಟು ಸಂತೋಷ, ಏಕೆಂದರೆ ಸತ್ತಾಗ ಮರಳಿ ಏಳುವುದು ಹಿಂದೆ ಕೂತ ಬೆಂಚಿನಿಂದಲೇ. ನಮ್ಮಲ್ಲಿ ಯಾರೂ ಇನ್ನೂ ಮುಗಿಸಿಲ್ಲ. ಮೂರು ತಿಂಗಳಿಂದ ಆಡುತ್ತಿದ್ದೇವೆ, ಬಹುಶಃ ಯುಗಾದಿಯವರೆಗೂ ಆಡುತ್ತೇವೆ. ಗಂಟೆಗೆ ಎಷ್ಟು ರೂಪಾಯಿ ಬಿತ್ತೆಂದು ಭಾಗಿಸಿದರೆ ಇ.ಸಿ.ಐ.ಎಲ್. ಚೌರಸ್ತೆಯ ಅರ್ಧ ಚಹಾಕ್ಕಿಂತ ಅಗ್ಗ.

ಇಲ್ಲೊಂದು ಆಕ್ಷೇಪವನ್ನು ನಾವೇ ಎತ್ತಿಕೊಳ್ಳಬೇಕು. ಗಂಟೆಗೆ ಎಷ್ಟು ಎಂಬ ಲೆಕ್ಕ ಮಿತವ್ಯಯಿಗಳಿಗೆ ಬಹಳ ಇಷ್ಟ, ಆದರೆ ಅದು ಕುಂಟು ಲೆಕ್ಕ. ಅದರ ಪ್ರಕಾರ ನೂರು ಗಂಟೆ ಹಿಡಿಯುವ ಆಟ ಒಳ್ಳೆಯದು, ಒಂದೂವರೆ ಗಂಟೆಯ ವೆಣ್ಬಾ ನಷ್ಟ. ನಮ್ಮ ವರ್ಷದ ಅನುಭವ ಇದಕ್ಕೆ ತಿರುಗಾಮುರುಗಾ. ಕಾಲವೂ ಒಂದು ಹಣವೇ. ಅದನ್ನು ಉಳಿಸಿಕೊಟ್ಟ ಆಟಕ್ಕೂ ಮನ್ನಣೆ ಸಲ್ಲಬೇಕು. ಸಣ್ಣಕಥೆಯನ್ನು ಪುಟ ಎಣಿಸಿ ಕೊಳ್ಳುವವರುಂಟೆ?

ಪಟ್ಟಿಯಲ್ಲಿ ಒಂದು ಕೊರತೆ ಓದುಗರ ಕಣ್ಣಿಗೆ ಬಿದ್ದಿರಬಹುದು. ಲೀಚೆಸ್ಸಿನ ಹೊರತು ಯಾವುದರಲ್ಲಿಯೂ ಕನ್ನಡವಿಲ್ಲ. ಇದು ಕೈಲಾಗದವರ ಕೊರತೆಯಲ್ಲ. ಭಾರತದ ಮೊದಲ ಗೇಮ್ ಕಂಪನಿಗಳಲ್ಲಿ ಒಂದಾದ ಧ್ರುವ ಇಂಟರ್‌ಆಕ್ಟಿವ್ 1997ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಅದನ್ನು 2019ರಲ್ಲಿ ಕೊಂಡುಕೊಂಡದ್ದು ಗ್ರಾಂಡ್ ಥೆಫ್ಟ್ ಆಟೋ ಆಟಗಳನ್ನು ಮಾಡುವ ರಾಕ್‌ಸ್ಟಾರ್ ಕಂಪನಿ. ಜಗತ್ತಿನ ದೊಡ್ಡ ಆಟಗಳಿಗೆ ಬೆಂಗಳೂರಿನ ಕೈಗಳು ದುಡಿಯುತ್ತಿವೆ, ಆ ಊರಿನ ನುಡಿ ಮಾತ್ರ ಆಟದೊಳಗೆ ಬರುವುದಿಲ್ಲ. ಇನ್ನೂ ಹಿಂದೆ ನೋಡಿದರೆ, 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಸಿದುಕೊಂಡ ಮೇಲೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ಕಾಲವನ್ನು ಕಲೆಗೂ ಆಟಗಳಿಗೂ ಮುಡಿಪಾಗಿಟ್ಟರು. ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು. ಚದುರಂಗದ ಮಣೆಯ ಮೇಲೆ ಕುದುರೆ ಪ್ರತಿ ಮನೆಯನ್ನೂ ಒಮ್ಮೆಯೇ ಮುಟ್ಟಿ ಬರುವ ನಡೆಗಳನ್ನು ಅವರು ರಚಿಸಿದರು. ಗಂಜೀಫಾ ಎಲೆಗಳಲ್ಲಿ ಹೊಸ ಹೊಸ ಕಟ್ಟುಗಳನ್ನು ಕಲ್ಪಿಸಿದರು. ಆಟಗಳನ್ನು ಕಟ್ಟುವುದು ಕನ್ನಡ ನಾಡಿಗೆ ಹೊರಗಿನಿಂದ ಬರಬೇಕಾದ ವಿದ್ಯೆಯಲ್ಲ.

ಆದ್ದರಿಂದ ನಮ್ಮ ಸಲಹೆ ಸಣ್ಣದು, ಖರ್ಚಿಲ್ಲದ್ದು. ಹೊರನಾಡಿನ ಕನ್ನಡ ಬಳಗಗಳು ರಾಜ್ಯೋತ್ಸವದ ವೇದಿಕೆಗೆ ಹಾಕುವ ಶ್ರಮದಲ್ಲಿ ಒಂದು ಪಾಲನ್ನು ಇತ್ತ ಹರಿಸಲಿ. ಮೂಲ ತೆರೆದಿಟ್ಟ ಎಷ್ಟೋ ಆಟಗಳು ಸ್ವಯಂಸೇವಕರ ಅನುವಾದಕ್ಕೆ ಕಾದು ಕೂತಿವೆ. ಭಾನುವಾರಕ್ಕೆ ಒಂದು ಗಂಟೆ, ನಾಲ್ಕು ಜನ, ಒಂದು ಆಟ. ಅನುವಾದಿಸುವಾಗ ಹಿರಿಯರು ಮಾತು ಕೊಡಲಿ, ಮಕ್ಕಳು ಅದು ಆಟದಲ್ಲಿ ಒಪ್ಪುವುದೋ ಇಲ್ಲವೋ ಹೇಳಲಿ. ಒಬ್ಬರಿಗೆ ಭಾಷೆ ಗೊತ್ತು, ಇನ್ನೊಬ್ಬರಿಗೆ ಆಟ ಗೊತ್ತು. ಇಬ್ಬರೂ ಒಟ್ಟಿಗೆ ಕೂರುವ ಕಾರಣ ಬೇಕಿತ್ತಷ್ಟೇ. ಮುಂದಿನ ತಿಂಗಳಿಂದ ಕುಷಾಯಿಗೂಡದ ನಮ್ಮ ಮನೆಯಲ್ಲಿ ಲೀಚೆಸ್ಸಿನ ಕನ್ನಡದಲ್ಲಿ ತುಂಬದೆ ಉಳಿದ ಸಾಲುಗಳೇನಾದರೂ ಇದ್ದರೆ ಅವನ್ನು ತುಂಬುವುದರಿಂದ ಆರಂಭಿಸಬೇಕೆಂದಿದ್ದೇವೆ.

ಕೊನೆಯದಾಗಿ, ಪಟ್ಟಿಯ ಹೊರಗಿನ ಒಂದು ಆಟ. ನವೆಂಬರಿನ ಒಂದು ಸಂಜೆ ಬಹಳ ಹೊತ್ತು ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಹಳೆಯದು, ಹತ್ತು ನಿಮಿಷಕ್ಕೆ ಆರಿತು. ಮುತ್ಯಾ ಬಳಪ ತೆಗೆದುಕೊಂಡು ವರಾಂಡದ ನೆಲದ ಮೇಲೆ ಐದು ಸಾಲು ಐದು ಮನೆಗಳ ಚೌಕ ಬರೆದರು. ಮನೆಯವಳು ಡಬ್ಬಿಯಿಂದ ಹುಣಿಸೆಬೀಜ ತಂದಳು. ಪಕ್ಕದ ಮನೆಯ ತೆಲುಗಿನ ಮಕ್ಕಳು ಮೇಣದ ಬತ್ತಿ ಹಿಡಿದು ಬಂದು, ಅಷ್ಟಾಚಮ್ಮಾ ಎಂದು ಕೂಗಿದರು. ನಾವು ಚೌಕಾಬಾರಾ ಎಂದೆವು. ಹೆಸರು ಎರಡು, ಮನೆ ಒಂದೇ, ಓಟವೂ ಒಂದೇ. ಕಾಯಿ ಕಡಿದಾಗ ಎರಡೂ ಭಾಷೆಯಲ್ಲಿ ಒಂದೇ ಗದ್ದಲ. ಸೋದರಳಿಯ ದೀಪಾವಳಿಗೆ ಬಂದವನು ಇನ್ನೂ ಇಲ್ಲಿಯೇ ಇದ್ದ, ಚರ್ಲಪಲ್ಲಿಯ ಕಡೆ ಕೆಲಸ ಹುಡುಕುತ್ತಿದ್ದ. ಗೋಡೆಗೊರಗಿ ನೋಡುತ್ತಾ ಕೂತಿದ್ದವನ ಕೈಗೆ ಮುತ್ಯಾ ಏನೂ ಹೇಳದೆ ನಾಲ್ಕು ಕವಡೆ ಇಟ್ಟರು. ಅವನು ಒಂದು ಕ್ಷಣ ತಡೆದು, ಎಸೆದ.

ಎಂಟು ಬಿತ್ತು. ನಿಯಮದಂತೆ ಇನ್ನೊಂದು ಸಲ ಎಸೆಯುವ ಹಕ್ಕು ಅವನದಾಯಿತು. ಪಣವೇನೂ ಇರಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ಕರೆಂಟು ಬಂದ ಮೇಲೂ ಯಾರೂ ಏಳಲಿಲ್ಲ.